ಮೊಟ್ಟೆಗೆ ಯಾವ ಕೋಳಿ? ಹೈಬ್ರಿಡ್, ಶುದ್ಧ ತಳಿ, ಮಿಶ್ರತಳಿ, ನಾಟಿ: ವಂಶಗುಣ ನೋಡಿ ಆರಿಸುವ ಬಗೆ

ಹತ್ತಿಪ್ಪತ್ತು ಕೋಳಿ ಸಾಕಲು ಹೊರಟವರು ಸಾಮಾನ್ಯವಾಗಿ ಸಿಕ್ಕಿಬೀಳುವುದು ಒಂದೇ ಕಡೆ. ವರ್ಷಕ್ಕೆ 300ಕ್ಕೂ ಹೆಚ್ಚು ಮೊಟ್ಟೆ ಇಡುವ ಹೈಬ್ರಿಡ್ ತರುವುದೋ, 200ರ ಆಸುಪಾಸಿನ ಶುದ್ಧ ತಳಿ ತರುವುದೋ, ಐವತ್ತು ಅರವತ್ತು ಇಟ್ಟು ಕಾವಿಗೆ ಕೂರುವ ನಾಟಿಯನ್ನೇ ಉಳಿಸಿಕೊಳ್ಳುವುದೋ? ಬರೀ ಅಂಕಿ ನೋಡಿದರೆ ಇದರಲ್ಲಿ ಯೋಚಿಸುವುದಕ್ಕೇನೂ ಇಲ್ಲ. ಆದರೆ ಅಂಕಿಯ ಹಿಂದೆ ಇನ್ನೊಂದು ಪ್ರಶ್ನೆ ಕೂತಿದೆ: ಎರಡು ವರ್ಷ ಕಳೆದ ಮೇಲೆ ಇವುಗಳ ಜಾಗಕ್ಕೆ ಬರುವ ಹೇಂಟೆ ಎಲ್ಲಿಂದ ಬರಬೇಕು? ಮತ್ತೆ ಹ್ಯಾಚರಿಯಿಂದಲೋ, ನಿಮ್ಮದೇ ಗೂಡಿನಿಂದಲೋ? ಇದು ತೀರ್ಮಾನವಾದರೆ ಮುಕ್ಕಾಲು ಕೆಲಸ ಮುಗಿಯಿತು.

ಯಾವುದನ್ನು ಅಳೆಯಬೇಕು

ಮೊಟ್ಟೆಯ ಸಂಖ್ಯೆಗೆಂದು ಒಂದು ಜೀನ್ ಇಲ್ಲ. ಮೊದಲ ಮೊಟ್ಟೆ ಎಷ್ಟನೇ ವಾರಕ್ಕೆ ಬರುತ್ತದೆ, ಬಿಡುವಿಲ್ಲದೆ ಎಷ್ಟು ದಿನ ಇಡುತ್ತದೆ, ಕಾವಿಗೆ ಕೂರುತ್ತದೆಯೇ, ಗರಿ ಉದುರಿಸುವಾಗ ಎಷ್ಟು ದಿನ ನಿಲ್ಲಿಸುತ್ತದೆ, ವಯಸ್ಸಾದಂತೆ ಎಷ್ಟು ಬೇಗ ಕುಸಿಯುತ್ತದೆ ಎಂಬ ಬೇರೆ ಬೇರೆ ಗುಣಗಳ ಮೊತ್ತ ಅದು. ಒಂದೊಂದರ ಹಿಂದೆಯೂ ಹತ್ತಾರು ಜೀನ್‌ಗಳು ಚಿಕ್ಕ ಚಿಕ್ಕ ಪಾಲು ಹಾಕುತ್ತವೆ.

ಇವುಗಳಲ್ಲಿ ಎರಡನೆಯದನ್ನು ಕಣ್ಣಾರೆ ನೋಡಬಹುದು. ಹೇಂಟೆಯೊಳಗೆ ಒಂದು ಮೊಟ್ಟೆ ತಯಾರಾಗಲು 24ರಿಂದ 26 ಗಂಟೆ ಹಿಡಿಯುತ್ತದೆ. ಅದರಲ್ಲಿ ಸುಮಾರು 20 ಗಂಟೆ ಹೋಗುವುದು ಚಿಪ್ಪು ಕಟ್ಟುವುದಕ್ಕೆ. ಒಂದು ಮೊಟ್ಟೆ ಹೊರಬಿದ್ದ ಅರ್ಧ ಗಂಟೆಯ ಆಸುಪಾಸಿನಲ್ಲಿ ಮುಂದಿನ ಹಳದಿ ಬಿಡುಗಡೆಯಾಗುತ್ತದೆ. ಆದರೆ ಆ ಬಿಡುಗಡೆಗೆ ಬೇಕಾದ ಹಾರ್ಮೋನ್ ಏರುವುದು ದಿನದ 8–10 ಗಂಟೆಗಳ ಒಂದು ಅವಧಿಯಲ್ಲಿ ಮಾತ್ರ. ಹೇಂಟೆಯ ಗಡಿಯಾರ 26 ಗಂಟೆಯದಾದರೆ ಇವತ್ತು ಬೆಳಿಗ್ಗೆ ಏಳಕ್ಕೆ ಇಟ್ಟದ್ದು ನಾಳೆ ಒಂಬತ್ತಕ್ಕೆ, ನಾಡಿದ್ದು ಹನ್ನೊಂದಕ್ಕೆ ಹೀಗೆ ಜಾರುತ್ತ ಹೋಗಿ, ಆ ಅವಧಿ ತಪ್ಪಿ, ಒಂದು ದಿನ ಖಾಲಿ ಬೀಳುತ್ತದೆ. ಮರುದಿನ ಮತ್ತೆ ಏಳರಿಂದ ಶುರು. ಗಡಿಯಾರ 24 ಗಂಟೆಗೆ ಹತ್ತಿರವಿರುವ ಹೇಂಟೆ ವಾರಗಟ್ಟಲೆ ಒಂದು ದಿನವೂ ತಪ್ಪಿಸುವುದಿಲ್ಲ. ಮೊಟ್ಟೆ ತಳಿಗಳನ್ನು ರೂಪಿಸಿದವರು ನೂರು ವರ್ಷದಿಂದ ಆರಿಸುತ್ತ ಬಂದದ್ದರಲ್ಲಿ ದೊಡ್ಡ ಪಾಲು ಈ ಗಡಿಯಾರವನ್ನೇ. ಎರಡು ವಾರ ಮೊಟ್ಟೆ ಇಟ್ಟ ಹೊತ್ತನ್ನು ಬರೆದಿಟ್ಟು ನೋಡಿ. ಹೇಂಟೆ ಯಾವ ದರ್ಜೆಯದು ಎಂದು ಗೊತ್ತಾಗಲು ಅಷ್ಟು ಸಾಕು.

ಇನ್ನುಳಿದ ಅಳತೆಗಳು: ಒಂದು ಮೊಟ್ಟೆಗೆ ಎಷ್ಟು ಫೀಡ್ ಬೀಳುತ್ತದೆ, ಫೀಡ್ ಸ್ವಲ್ಪ ಹದಗೆಟ್ಟರೂ ಕೋಳಿ ತಾಳಿಕೊಳ್ಳುತ್ತದೆಯೇ, ಗಂಡು ಮರಿಗಳನ್ನು ಏನು ಮಾಡುವುದು, ಮುಂದಿನ ತಲೆಮಾರು ತಾಯಿಯ ಮಟ್ಟದಲ್ಲೇ ಇರುತ್ತದೆಯೇ. ಚಿಪ್ಪಿನ ಬಣ್ಣವನ್ನು ಅಳತೆಗೋಲೆಂದು ಹಿಡಿಯಬೇಡಿ, ಅದು ರುಚಿಯನ್ನಾಗಲಿ ಪೋಷಣೆಯನ್ನಾಗಲಿ ಹೇಳುವುದಿಲ್ಲ. ನೋಡಲು ಇಷ್ಟವಾದರೆ ಸರಿ.

ಹ್ಯಾಚರಿಯ ಹೈಬ್ರಿಡ್

ಬಿಳಿ ಮೊಟ್ಟೆಯ ಹೈಬ್ರಿಡ್‌ಗಳ ಬೇರು ವೈಟ್ ಲೆಗ್‌ಹಾರ್ನ್‌ನಲ್ಲಿದೆ. ಕಂದು ಮೊಟ್ಟೆಯವುಗಳ ಹಿಂದೆ ರೋಡ್ ಐಲ್ಯಾಂಡ್ ರೆಡ್, ಪ್ಲಿಮತ್ ರಾಕ್‌ನಂಥ ತಳಿಗಳಿವೆ. ಕಟ್ಟುವ ವಿಧಾನ ಸಾಮಾನ್ಯವಾಗಿ ನಾಲ್ಕು ಸಾಲಿನದು, ಅಂದರೆ ಬೇರೆಬೇರೆಯಾಗಿ ಬೆಳೆಸಿದ ನಾಲ್ಕು ವಂಶಗಳದ್ದು. ಪ್ರತ್ಯೇಕವಾಗಿ ಕಾಪಾಡಿದ ಎರಡು ಸಾಲುಗಳನ್ನು ಕೂಡಿಸಿ ಹುಂಜ, ಇನ್ನೆರಡನ್ನು ಕೂಡಿಸಿ ಹೇಂಟೆ, ಅವೆರಡರ ಮಗಳು ನಿಮ್ಮ ಕೈಗೆ ಬರುವ ಕೋಳಿ. ದೂರದ ಸಾಲುಗಳು ಕೂಡಿದಾಗ ಒಂದರ ದುರ್ಬಲ ಜೀನನ್ನು ಇನ್ನೊಂದರದ್ದು ಮುಚ್ಚುತ್ತದೆ, ಮಗಳಲ್ಲಿ ಹೆಚ್ಚಿನ ಹುರುಪು ಕಾಣುತ್ತದೆ. 18–20 ವಾರಕ್ಕೆ ಮೊದಲ ಮೊಟ್ಟೆ, ಒಳ್ಳೆಯ ಆರೈಕೆಯಲ್ಲಿ ಮೊದಲ ವರ್ಷ 300–320, ಕಾವಿನ ಗೀಳು ಬಹುತೇಕ ಇಲ್ಲ.

ಫೀಡ್ ಲೆಕ್ಕದಲ್ಲಿ ಇದನ್ನು ಮೀರಿಸುವುದು ಕಷ್ಟ. ಒಂದೂವರೆ ಕಿಲೋ ಚಿಲ್ಲರೆ ತೂಗುವ ಬಿಳಿ ಹೈಬ್ರಿಡ್ ದಿನಕ್ಕೆ 110 ಗ್ರಾಂ ತಿಂದರೆ ವರ್ಷಕ್ಕೆ 40 ಕಿಲೋ. 310 ಮೊಟ್ಟೆಗೆ ಹಂಚಿದರೆ ಮೊಟ್ಟೆಗೆ 130 ಗ್ರಾಂ. ಮೂರು ಕಿಲೋ ಹತ್ತಿರದ ಭಾರಿ ಶುದ್ಧ ತಳಿ ದಿನಕ್ಕೆ 130 ಗ್ರಾಂ ತಿಂದು 200 ಇಟ್ಟರೆ ಮೊಟ್ಟೆಗೆ 237 ಗ್ರಾಂ. ಮೈ ಸಾಕುವುದಕ್ಕೇ ಅರ್ಧಕ್ಕಿಂತ ಹೆಚ್ಚು ಮೇವು ಹೋಗುತ್ತದೆ, ಆದ್ದರಿಂದ ಮೈ ದೊಡ್ಡದಾದಷ್ಟೂ ಮೊಟ್ಟೆ ದುಬಾರಿ. ಫೀಡ್ ಪೂರ್ತಿ ಕೊಂಡೇ ಹಾಕುವವರಿಗೆ ಈ ವ್ಯತ್ಯಾಸ ಚಿಕ್ಕದಲ್ಲ.

ಇದಕ್ಕೆ ಎದುರು ನಿಲ್ಲುವ ಸಂಗತಿ ಮೂರು.

ಮೊದಲನೆಯದು, ಇದರ ಜೀನ್‌ಗಳು ಅರೆಹೊಟ್ಟೆಯಲ್ಲೂ ಮೊಟ್ಟೆ ನಿಲ್ಲಿಸಲು ಬಿಡುವುದಿಲ್ಲ. ಒಂದು ಚಿಪ್ಪಿಗೆ ಸುಮಾರು 2 ಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಬೇಕು. ಫೀಡ್‌ನಲ್ಲಿ ಸಿಗದಿದ್ದರೆ ಹೇಂಟೆ ಅದನ್ನು ಎಲುಬಿನಿಂದ ಕರಗಿಸಿ ಕೊಡುತ್ತದೆ. ಮೊದಲು ಚಿಪ್ಪು ತೆಳುವಾಗುತ್ತದೆ, ಆಮೇಲೆ ಎದೆಮೂಳೆ ಬಾಗುತ್ತದೆ ಇಲ್ಲವೇ ಬಿರುಕು ಬಿಡುತ್ತದೆ, ಕೊನೆಗೆ ಕಾಲೂರಲಾಗದೆ ಕೂತುಬಿಡುತ್ತದೆ. ಹೈಬ್ರಿಡ್ ತಂದ ಮೇಲೆ 16–18 ಶೇಕಡಾ ಪ್ರೋಟೀನ್, ಸುಮಾರು 4 ಶೇಕಡಾ ಕ್ಯಾಲ್ಸಿಯಂ ಇರುವ ಲೇಯರ್ ಫೀಡ್ ತಪ್ಪಿಸುವಂತಿಲ್ಲ. ಚಿಪ್ಪು ಕಟ್ಟುವುದು ಹೆಚ್ಚಾಗಿ ರಾತ್ರಿಯಾದ್ದರಿಂದ ಕಪ್ಪೆಚಿಪ್ಪಿನ ಚೂರನ್ನು ಸಂಜೆ ಬೇರೆ ತಟ್ಟೆಯಲ್ಲಿ ಇಟ್ಟರೆ ಬೇಕಾದಷ್ಟು ತಾನೇ ತಿನ್ನುತ್ತದೆ. ಪುಡಿಗಿಂತ ಚೂರು ಒಳ್ಳೆಯದು, ಹೊಟ್ಟೆಯಲ್ಲಿ ನಿಧಾನ ಕರಗಿ ರಾತ್ರಿಯಿಡೀ ಒದಗುತ್ತದೆ. ಅಕ್ಕಿ ನುಚ್ಚು, ಅಡುಗೆಮನೆಯ ಮಿಕ್ಕಿದ್ದು ಹಾಕಿ 300ರ ಅಂಕಿ ನಿರೀಕ್ಷಿಸುವವರಿಗೆ ಹೈಬ್ರಿಡ್ ಹೇಳಿದ ಕೋಳಿಯಲ್ಲ.

ಎರಡನೆಯದು, ಅದರ ಮರಿ ತಾಯಿಯಂತಾಗದು. ಎರಡು ತಳಿಗಳ ಸರಳ ಮಿಶ್ರತಳಿಯನ್ನು ತಮ್ಮತಮ್ಮಲ್ಲೇ ಕೂಡಿಸಿದರೆ ಮುಂದಿನ ತಲೆಮಾರಿಗೆ ಆ ಹುರುಪಿನ ಅರ್ಧ ಹೋಗುತ್ತದೆ, ನಾಲ್ಕು ಸಾಲಿನದಾದರೆ ಕಾಲು ಭಾಗ. ಸರಾಸರಿಯ ಇಳಿಕೆಗಿಂತ ಹೆಚ್ಚು ಕಾಡುವುದು ಚೆಲ್ಲಾಪಿಲ್ಲಿತನ: ಒಂದು ಮಗಳು ತಾಯಿಯಷ್ಟೇ ಇಟ್ಟರೆ ಪಕ್ಕದ್ದು ಅರ್ಧ ಇಡುತ್ತದೆ, ಮತ್ತೊಂದು ಎಲ್ಲೋ ಅಡಗಿದ್ದ ಕಾವಿನ ಗುಣ ತೋರಿಸುತ್ತದೆ. ಅಲ್ಲದೆ ಹ್ಯಾಚರಿ ಮಾರುವುದು ಹೆಣ್ಣು ಮರಿ ಮಾತ್ರ, ಅಣ್ಣ ತಮ್ಮಂದಿರು ಸಿಗುವುದೇ ಅಪರೂಪ. ನೀವು ಬಿಡುವ ಹುಂಜ ಬೇರೆ ಯಾವುದೋ ಆಗಿರುತ್ತದೆ. ಆಗ ಹುಟ್ಟುವುದು ಹೈಬ್ರಿಡ್‌ನ ಮುಂದಿನ ತಲೆಮಾರಲ್ಲ, ಹೊಸದೇ ಒಂದು ಮಿಶ್ರಣ.

ಆ ಅಣ್ಣ ತಮ್ಮಂದಿರದ್ದೇ ಮೂರನೆಯ ಸಂಗತಿ. ಮೊಟ್ಟೆ ಸಾಲಿನ ಗಂಡಿಗೆ ಮೈ ಬರುವುದಿಲ್ಲವೆಂದು ಹುಟ್ಟಿದ ದಿನವೇ ಕೊಲ್ಲುವುದು ಬಹುತೇಕ ಕಡೆ ನಡೆದುಬಂದ ರೂಢಿ. ಜರ್ಮನಿ 2022ರಿಂದ ಅದನ್ನು ನಿಷೇಧಿಸಿದೆ. ಇದು ನಿಮಗೆ ಮುಖ್ಯವೆನಿಸಿದರೆ ಹೈಬ್ರಿಡ್ ಆರಿಸುವಾಗ ಇದೂ ಲೆಕ್ಕಕ್ಕೆ ಬರಬೇಕು.

ಬಿಳಿಯೋ ಕಂದೋ ಎಂದರೆ, ಬಿಳಿಯದು ಕಡಿಮೆ ತಿನ್ನುತ್ತದೆ, ಬೇಗ ಬೆದರುತ್ತದೆ, ಬೇಲಿ ಹಾರುತ್ತದೆ. ಕಂದು ಸಾಧು, ಸ್ವಲ್ಪ ಹೆಚ್ಚು ತಿನ್ನುತ್ತದೆ. ಕಂದು ಮೊಟ್ಟೆಯ ಕೆಲವು ಸಾಲುಗಳಲ್ಲಿ ಮಾತ್ರ ಒಂದು ವಿಚಿತ್ರ ದೋಷವಿದೆ. ಟ್ರೈಮೀಥೈಲ್‌ಅಮೈನ್ ಎಂಬ ವಸ್ತುವನ್ನು ಒಡೆಯುವ ಎಫ್‌ಎಂಓ3 ಜೀನ್ ಕೆಟ್ಟಿರುತ್ತದೆ. ಅಂಥ ಹೇಂಟೆಗೆ ಸಾಸಿವೆ ಜಾತಿಯ ರೇಪ್‌ಸೀಡ್ ಹಿಂಡಿ ಕೊಟ್ಟರೆ ಆ ವಸ್ತು ಹಳದಿಗೆ ಸೇರಿ ಮೊಟ್ಟೆ ಮೀನು ನಾರುತ್ತದೆ. ಒಂದೇ ಗೂಡಿನ ಹತ್ತರಲ್ಲಿ ಒಂದಿಬ್ಬರ ಮೊಟ್ಟೆ ಮಾತ್ರ ನಾರಿದರೆ ಅನುಮಾನ ಇದರ ಮೇಲಿರಲಿ. ಹಿಂಡಿ ನಿಲ್ಲಿಸಿದರೆ ವಾಸನೆಯೂ ನಿಲ್ಲುತ್ತದೆ.

ಶುದ್ಧ ತಳಿ

ಇಲ್ಲಿ ಜನ ಮೋಸ ಹೋಗುವುದು ಹೆಸರಿನಿಂದ. ರೋಡ್ ಐಲ್ಯಾಂಡ್ ರೆಡ್ ಎಂಬ ಒಂದೇ ಹೆಸರಿನಡಿ ತಲೆಮಾರುಗಟ್ಟಲೆ ಮೊಟ್ಟೆಗಾಗಿ ಆರಿಸಿದ ಸಾಲೂ ಇದೆ, ಪ್ರದರ್ಶನದಲ್ಲಿ ಬಹುಮಾನ ಗೆಲ್ಲಲೆಂದು ಗರಿಯ ಬಣ್ಣಕ್ಕಾಗಿ ಆರಿಸಿದ ಸಾಲೂ ಇದೆ. ಬಣ್ಣ ಕಡುವಾದಷ್ಟೂ ಹೊಟ್ಟೆಯೊಳಗಿನ ಕೆಲಸ ಚೆನ್ನಾಗಿರುತ್ತದೆಂದು ಎಲ್ಲೂ ಬರೆದಿಲ್ಲ. ಮಾರುವವರನ್ನು ತಳಿ ಯಾವುದು ಎಂದು ಕೇಳಬೇಡಿ. ಇದರ ತಾಯಿ, ಅಜ್ಜಿ ವರ್ಷಕ್ಕೆ ಎಷ್ಟು ಇಟ್ಟವು, ಬರೆದಿಟ್ಟಿದ್ದೀರಾ ಎಂದು ಕೇಳಿ. ಪುಸ್ತಕ ಇಲ್ಲದಿದ್ದರೆ ಅಂಕಿಯೂ ಇಲ್ಲವೆಂದೇ ತಿಳಿಯಿರಿ.

ಒಳ್ಳೆಯ ಸಾಲಿನ ಲೆಗ್‌ಹಾರ್ನ್ 250ರ ಮೇಲೆ ಹೋಗುತ್ತದೆ. ರೆಡ್, ಸಸೆಕ್ಸ್, ಪ್ಲಿಮತ್ ರಾಕ್‌ನಂಥ ಎರಡೂ ಕೆಲಸದ ತಳಿಗಳು 180–220ರ ನಡುವೆ ಆಡುತ್ತವೆ. ಗಂಡು ಮರಿ ಮಾಂಸಕ್ಕೂ ಆಗುತ್ತದೆ. ಎಲ್ಲಕ್ಕಿಂತ ದೊಡ್ಡ ಲಾಭವೆಂದರೆ ಮಗಳು ತಾಯಿಯ ಹತ್ತಿರಹತ್ತಿರವೇ ಇರುತ್ತಾಳೆ. ಆದರೆ ಆ ಮಟ್ಟ ಉಳಿಯುವುದು ನೀವು ಉಳಿಸಿದರೆ ಮಾತ್ರ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಹೆಚ್ಚಿನವರು ಎರಡು ಮೂರು ತಲೆಮಾರಿನಲ್ಲಿ ಕೈಬಿಡುವುದು ಇದೇ ಜಾಗದಲ್ಲಿ.

ಮೊಟ್ಟೆಯ ತೂಕದಲ್ಲಿ ಕಾಣುವ ವ್ಯತ್ಯಾಸದ ಸುಮಾರು ಅರ್ಧ ವಂಶದಿಂದ ಬರುತ್ತದೆ. ಆದ್ದರಿಂದ ದೊಡ್ಡ ಮೊಟ್ಟೆಯ ಹೇಂಟೆಯನ್ನು ಆರಿಸಿದರೆ ಮಗಳಲ್ಲಿ ಫಲ ಬೇಗ ಕಾಣುತ್ತದೆ. ಸಂಖ್ಯೆಯ ವಿಷಯ ಹಾಗಲ್ಲ. ಅದರಲ್ಲಿ ವಂಶದ ಪಾಲು ಸಾಮಾನ್ಯವಾಗಿ 10–30 ಶೇಕಡಾ, ಉಳಿದದ್ದು ಬೆಳಕು, ಮೇವು, ಕಾಯಿಲೆ, ಅದೃಷ್ಟ. ಒಂದು ಹೇಂಟೆ ಒಂದು ವರ್ಷ ಚೆನ್ನಾಗಿ ಇಟ್ಟಿತೆಂದ ಮಾತ್ರಕ್ಕೆ ಅದರ ಮಗಳನ್ನು ನಂಬಬೇಡಿ. ಅಕ್ಕ ತಂಗಿಯರೆಲ್ಲ ಚೆನ್ನಾಗಿ ಇಟ್ಟ ಮನೆತನದಿಂದ ಆರಿಸಿ. ಇನ್ನೊಂದು ತೊಡಕು, ತೂಕ ಮತ್ತು ಸಂಖ್ಯೆ ಎದುರುಬದುರು ಎಳೆಯುತ್ತವೆ. ದೊಡ್ಡ ಮೊಟ್ಟೆಗಳನ್ನೇ ಕಾವಿಗಿಡುತ್ತ ಹೋದವರ ಗೂಡಿನಲ್ಲಿ ಕೆಲವು ತಲೆಮಾರಿಗೆ ಮೊಟ್ಟೆಯ ಲೆಕ್ಕ ಇಳಿಯುತ್ತದೆ, ಕಾರಣ ಮಾತ್ರ ಹೊಳೆಯುವುದಿಲ್ಲ.

ಹುಂಜ ಮೊಟ್ಟೆ ಇಡುವುದಿಲ್ಲ, ಆದರೆ ಮೊಟ್ಟೆಯ ಜೀನ್‌ಗಳ ಅರ್ಧ ಪಾಲು ಅದರದ್ದೇ. ಗೂಡಿಗೆ ಒಂದೇ ಹುಂಜವಾದರೆ ಮುಂದಿನ ತಲೆಮಾರಿನ ಪ್ರತಿ ಮಗಳಲ್ಲೂ ಅದು ಇರುತ್ತದೆ. ಕೋಳಿಯಲ್ಲಿ ಗಂಡಿಗೆ ಎರಡು ಝಡ್ ಕ್ರೋಮೋಸೋಮ್ (ಜೀನ್‌ಗಳನ್ನು ಹೊತ್ತ ಎಳೆ), ಹೆಣ್ಣಿಗೆ ಒಂದು ಝಡ್, ಒಂದು ಡಬ್ಲ್ಯು. ಮಗಳ ಒಂದೇ ಝಡ್ ಬರುವುದು ಅಪ್ಪನಿಂದ. ಹೀಗಿರುವಾಗ ಹುಂಜವನ್ನು ಅದರ ಎತ್ತರ, ಬಾಲ, ಪೊಗರು ನೋಡಿ ಆರಿಸುವುದು ಅರ್ಧ ಗೂಡನ್ನು ಕಣ್ಣು ಮುಚ್ಚಿ ಆರಿಸಿದಂತೆ. ಅದರ ಅಕ್ಕ ತಂಗಿಯರ ಪುಸ್ತಕ ತೆಗೆದು ನೋಡಿ.

ರಕ್ತಸಂಬಂಧದ ಲೆಕ್ಕ ಇನ್ನೂ ಕಟುವಾದದ್ದು. ಒಂದು ಹುಂಜ, ಎಂಟು ಹೇಂಟೆ ಇಟ್ಟುಕೊಂಡು ಹೊರಗಿನಿಂದ ಏನೂ ತರದೆ ಮರಿ ಮಾಡಿಸಿದರೆ ಒಳಸಂಬಂಧ ಪ್ರತಿ ತಲೆಮಾರಿಗೂ ಸುಮಾರು 14 ಶೇಕಡಾ ಏರುತ್ತದೆ. ನಾಲ್ಕು ಹುಂಜ, 20 ಹೇಂಟೆ ಇದ್ದರೆ 4 ಶೇಕಡಾಕ್ಕಿಂತ ಕಡಿಮೆ. ಮೊದಲು ಪೆಟ್ಟು ಬೀಳುವುದು ಮರಿಯಾಗುವ ಪ್ರಮಾಣಕ್ಕೆ, ಆಮೇಲೆ ಮರಿಗಳ ಉಳಿವಿಗೆ, ಮೊಟ್ಟೆಯ ಸಂಖ್ಯೆಗೆ. ದಾರಿ ಸರಳ: ಮೂರು ಗುಂಪು ಮಾಡಿ. ಹೆಣ್ಣು ಮರಿಗಳು ಹುಟ್ಟಿದ ಗುಂಪಿನಲ್ಲೇ ಉಳಿಯಲಿ, ಆರಿಸಿದ ಗಂಡು ಮರಿ ಪ್ರತಿ ವರ್ಷ ಮುಂದಿನ ಗುಂಪಿಗೆ ಹೋಗಲಿ, ಮೂರನೆಯದರ ಗಂಡು ಮೊದಲನೆಯದಕ್ಕೆ. ಇಷ್ಟು ಜಾಗ, ಇಷ್ಟು ಕೋಳಿ ಸಾಕಲು ಆಗದಿದ್ದರೆ ಶುದ್ಧ ತಳಿಯ ಸ್ವಂತ ವಂಶ ಕಟ್ಟುವ ಆಸೆ ಬಿಟ್ಟು ಎರಡು ವರ್ಷಕ್ಕೊಮ್ಮೆ ಹೊರಗಿನ ಒಳ್ಳೆಯ ಹುಂಜ ತರುವುದು ಮೇಲು.

ಮನೆಯಲ್ಲೇ ಮಾಡುವ ಮಿಶ್ರತಳಿ

ಹೈಬ್ರಿಡ್‌ನ ಹುರುಪೂ ಬೇಕು, ಹ್ಯಾಚರಿಯ ಹಂಗೂ ಬೇಡ ಎನ್ನುವವರಿಗೆ ಇದು ನಡುದಾರಿ. ಇದರ ಸೊಗಸೆಂದರೆ ಹುಟ್ಟಿದ ದಿನವೇ ಮರಿ ಗಂಡೋ ಹೆಣ್ಣೋ ಬಣ್ಣದಿಂದ ತಿಳಿಯುತ್ತದೆ.

ರೋಡ್ ಐಲ್ಯಾಂಡ್ ರೆಡ್ ಹುಂಜ, ಲೈಟ್ ಸಸೆಕ್ಸ್ ಹೇಂಟೆ ತೆಗೆದುಕೊಳ್ಳಿ. ಗರಿಯ ಚಿನ್ನದ ಬಣ್ಣ ಮತ್ತು ಬೆಳ್ಳಿ ಬಣ್ಣದ ಜೀನ್ ಝಡ್ ಮೇಲಿದೆ, ಬೆಳ್ಳಿಯದು ಪ್ರಬಲ, ಅಂದರೆ ಒಂದೇ ಪ್ರತಿ ಇದ್ದರೂ ಅದೇ ಕಾಣುತ್ತದೆ. ಸಸೆಕ್ಸ್ ತಾಯಿ ತನ್ನ ಬೆಳ್ಳಿ ಝಡ್ ಅನ್ನು ಗಂಡು ಮಕ್ಕಳಿಗಷ್ಟೇ ಕೊಡಬಲ್ಲಳು. ಆದ್ದರಿಂದ ಗಂಡು ಮರಿ ತಿಳಿಹಳದಿ, ಹೆಣ್ಣು ಮರಿ ಕೆಂಗಂದು. ಅದಲುಬದಲು ಮಾಡಿ ಸಸೆಕ್ಸ್ ಹುಂಜ, ರೆಡ್ ಹೇಂಟೆ ಇಟ್ಟರೆ ಎರಡಕ್ಕೂ ಬೆಳ್ಳಿಯೇ ಬಂದು ಗುರುತು ಸಿಗುವುದಿಲ್ಲ. ಸಸೆಕ್ಸ್ ಬದಲು ವೈಟ್ ಲೆಗ್‌ಹಾರ್ನ್ ಹೇಂಟೆ ಬಿಟ್ಟವರೂ ಕೈಸುಟ್ಟುಕೊಳ್ಳುತ್ತಾರೆ: ಅದರ ಬಿಳಿ ಬೇರೊಂದು ಪ್ರಬಲ ಜೀನ್‌ನದು, ಕೆಳಗಿನ ಬಣ್ಣವನ್ನೆಲ್ಲ ಮುಚ್ಚಿಹಾಕುತ್ತದೆ.

ಇನ್ನೊಂದು ಜೋಡಿ, ರೆಡ್ ಹುಂಜಕ್ಕೆ ಪಟ್ಟೆಯ ಬಾರ್ಡ್ ಪ್ಲಿಮತ್ ರಾಕ್ ಹೇಂಟೆ. ಪಟ್ಟೆಯ ಜೀನ್ ಕೂಡ ಝಡ್ ಮೇಲಿನದೇ. ಮರಿಗಳೆಲ್ಲ ಕಪ್ಪು, ಆದರೆ ಗಂಡಿನ ನೆತ್ತಿಯ ಮೇಲೆ ಬಿಳಿ ಚುಕ್ಕೆ.

ಕೆಲಸ ಹೀಗೆ. ಹೇಂಟೆಗಳನ್ನು ಹಳೆಯ ಹುಂಜದಿಂದ ಬೇರ್ಪಡಿಸಿ ಮೂರು ವಾರ ಕಾಯಿರಿ. ಅಷ್ಟು ದಿನ ಹಳೆಯ ವೀರ್ಯ ಹೇಂಟೆಯೊಳಗೆ ಉಳಿಯಬಲ್ಲದು, ಅವಸರ ಮಾಡಿದರೆ ಅಪ್ಪ ಯಾರೆಂದು ಹೇಳಲಾಗದು. ಆಮೇಲೆ ಎಂಟು ಹತ್ತು ಹೇಂಟೆಗೆ ಒಂದು ಹುಂಜ ಬಿಟ್ಟು, ಒಂದು ವಾರ ಕಳೆದು ಮೊಟ್ಟೆ ಕೂಡಿಡಲು ಶುರು ಮಾಡಿ. 15–18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಏಳು ದಿನದವರೆಗೆ ಇಟ್ಟದ್ದು ಒಳ್ಳೆಯದು. ಗಾಳಿಯಾಡಿಸುವ ಇನ್‌ಕ್ಯುಬೇಟರ್‌ನಲ್ಲಿ 37.5 ಡಿಗ್ರಿ, 21 ದಿನ. ಮರಿಯ ಮೈ ಆರಿದ ಮೇಲೆಯೇ ಬಣ್ಣ ನೋಡಿ, ಒದ್ದೆ ಮರಿಯಲ್ಲಿ ತಿಳಿಹಳದಿಯೂ ಕಂದಾಗಿ ಕಾಣುತ್ತದೆ.

ಮೊಟ್ಟೆ ಅಪ್ಪ ಅಮ್ಮನ ಸರಾಸರಿಗಿಂತ ಸ್ವಲ್ಪ ಮೇಲೇ ಬರುತ್ತದೆ. ಆದರೆ ಇದೂ ಒಂದೇ ತಲೆಮಾರಿನ ಕೋಳಿ. ಇದರ ಮರಿಗಳಲ್ಲಿ ಬಣ್ಣದ ಗುರುತೂ ಇಲ್ಲ, ಪೂರ್ತಿ ಹುರುಪೂ ಇಲ್ಲ. ಪ್ರತಿ ವರ್ಷ ಮಾಡಬೇಕಾದರೆ ಎರಡು ಶುದ್ಧ ತಳಿಗಳನ್ನು ಪಕ್ಕದಲ್ಲಿ ಕಾಪಾಡಿಕೊಂಡೇ ಇರಬೇಕು. ಸೂಕ್ಷ್ಮವಾಗಿ ನೋಡಿದರೆ ಇದು ಎರಡು ಗೂಡಿನ ಖರ್ಚು.

ಬಣ್ಣದ ಮೊಟ್ಟೆಯ ಮೋಹವಿದ್ದರೆ ಇಲ್ಲೇ ತೀರಿಸಿಕೊಳ್ಳಬಹುದು. ನೀಲಿ ಚಿಪ್ಪು ಒಂದೇ ಪ್ರಬಲ ಜೀನ್‌ನ ಕೆಲಸ, ಒಂದು ಪ್ರತಿ ಇದ್ದರೂ ಸಾಕು. ಕಂದು ಹಲವು ಜೀನ್‌ಗಳದ್ದು, ಚಿಪ್ಪಿನ ಹೊರಮೈಗೆ ಬಳಿಯುವ ಬಣ್ಣ. ನೀಲಿಯ ಅರೌಕಾನ ಸಾಲಿಗೆ ಕಂದಿನ ತಳಿ ಕೂಡಿಸಿದರೆ ನೀಲಿಯ ಮೇಲೆ ಕಂದು ಬಿದ್ದು ಹಸಿರು. ಅರೌಕಾನದ ಕಿವಿಯ ಬಳಿ ಗರಿಗುಚ್ಛವಿರುವ ಹುಂಜಕ್ಕೆ ಗುಚ್ಛವಿರುವ ಹೇಂಟೆಯನ್ನು ಮಾತ್ರ ಬಿಡಬೇಡಿ: ಆ ಜೀನ್ ಎರಡೂ ಕಡೆಯಿಂದ ಬಂದ ಮರಿ ಮೊಟ್ಟೆಯೊಳಗೇ ಸಾಯುತ್ತದೆ, ಕಾಲು ಭಾಗ ನಷ್ಟ.

ನಾಟಿ

ನಾಟಿ ಕೋಳಿಯ ಸಣ್ಣ ಅಂಕಿಗೆ ಸೋಮಾರಿತನ ಕಾರಣವಲ್ಲ. 20 ದಿನದಲ್ಲಿ ಹದಿನಾಲ್ಕು ಮೊಟ್ಟೆ, 21 ದಿನ ಕಾವು, ಮರಿ ಜೊತೆ ಸುಮಾರು 50 ದಿನ: ಒಂದು ಸುತ್ತಿಗೆ ಮೂರು ತಿಂಗಳು. ವರ್ಷಕ್ಕೆ ನಾಲ್ಕು ಸುತ್ತು, 56 ಮೊಟ್ಟೆ. ಮೊಟ್ಟೆ ಇಡುವ ದಿನಗಳಲ್ಲಿ ಅದರ ವೇಗ ಕೆಟ್ಟದ್ದೇನಲ್ಲ, ಸಮಯವೆಲ್ಲ ತಾಯ್ತನಕ್ಕೆ ಹೋಗುತ್ತದೆ. ಮೊಟ್ಟೆ ದಿನವೂ ತೆಗೆದು, ಕಾವಿಗೆ ಕೂತದ್ದನ್ನು ಗೂಡಿನ ಹುಲ್ಲಿನಿಂದ ಎಬ್ಬಿಸಿ ಕೆಳಗೆ ಗಾಳಿಯಾಡುವ ಜಾಲರಿ ಪಂಜರದಲ್ಲಿ ಮೂರು ನಾಲ್ಕು ದಿನ ಇಟ್ಟರೆ, ಎರಡು ಮೂರು ವಾರದಲ್ಲಿ ಮತ್ತೆ ಇಡಲು ಶುರು ಮಾಡುತ್ತದೆ. ಬರೀ ಇಷ್ಟರಿಂದಲೇ ಲೆಕ್ಕ ಏರುತ್ತದೆ. ನೀರು, ಮೇವು ಪಂಜರದಲ್ಲಿರಲಿ. ಉಪವಾಸ ಕೆಡವುವುದು ಹಳೆಯ ತಪ್ಪು.

ಕಾವಿನ ಗುಣ ಅಪ್ಪನ ಝಡ್‌ನಿಂದಲೇ ಬರುತ್ತದೆ ಎಂದು ಹಿಂದೆ ಬಲವಾಗಿ ನಂಬಿದ್ದರು. ಆಮೇಲೆ ಲೆಗ್‌ಹಾರ್ನ್‌ಗೆ ಬ್ಯಾಂಟಮ್ ಎಂಬ ಕುಳ್ಳ ಕೋಳಿಯನ್ನು ಕೂಡಿಸಿ ನೋಡಿದಾಗ ಹಾಗೆ ಕಾಣಲಿಲ್ಲ. ಅಂದರೆ ಕಾವು ಕೂರದ ಹುಂಜವಂಶ ತಂದ ಮಾತ್ರಕ್ಕೆ ಅದು ಒಂದೇ ಸಲಕ್ಕೆ ಅಳಿಯುವುದಿಲ್ಲ.

ಮೇವಿನ ಲೆಕ್ಕವೂ ಇಲ್ಲಿ ತಿರುಗಾಮುರುಗಾ. ದಿನಕ್ಕೆ 80 ಗ್ರಾಂ ಕೊಂಡು ಹಾಕಿದರೆ, ಕಾವು ಬಿಡಿಸಿ ವರ್ಷಕ್ಕೆ 70 ಮೊಟ್ಟೆ ಪಡೆದರೂ ಒಂದೊಂದಕ್ಕೆ 400 ಗ್ರಾಂ ದಾಟುತ್ತದೆ. ಯಾರಿಗೂ ಗಿಟ್ಟುವ ಮಾತಲ್ಲ. ಹೊರಗೆ ಕೆದಕಿ ಮುಕ್ಕಾಲು ಹೊಟ್ಟೆ ತುಂಬಿಸಿಕೊಂಡು ಬರುವ ಜಾಗವಿದ್ದರೆ ಕೊಳ್ಳುವ ಫೀಡ್ ಮೊಟ್ಟೆಗೆ 100 ಗ್ರಾಂ ಸುಮಾರಿಗೆ ಇಳಿದು, ಹೈಬ್ರಿಡ್‌ಗಿಂತ ಅಗ್ಗ. ನಾಟಿ ಗಿಟ್ಟುವುದು ಬಯಲಿದ್ದಾಗ, ಕೂಡಿಹಾಕಿದಾಗಲ್ಲ.

ಬಿಸಿಲು ಹೆಚ್ಚಿರುವ ಕಡೆ ನಾಟಿಯಲ್ಲಿ ಬೋಳುಕತ್ತಿನವು ಸಿಕ್ಕರೆ ಬಿಡಬೇಡಿ. ಆ ಜೀನ್ ಒಂದು ಪ್ರತಿ ಇದ್ದರೆ ಮೈಗರಿ ಐದನೇ ಒಂದರಷ್ಟು, ಎರಡಿದ್ದರೆ ಐದನೇ ಎರಡರಷ್ಟು ಕಡಿಮೆ. ಮೈಬಿಸಿ ಸುಲಭವಾಗಿ ಹೊರಹೋಗುವುದರಿಂದ ಸೆಕೆಯಲ್ಲೂ ಮೇವು ಅಷ್ಟಾಗಿ ಬಿಡುವುದಿಲ್ಲ, ಮೊಟ್ಟೆಯೂ ಅಷ್ಟಾಗಿ ಕುಗ್ಗುವುದಿಲ್ಲ.

ಯಾರಿಗೆ ಯಾವುದು

ಆರು ಹೇಂಟೆ ಸಾಕು, ದಿನಾ ಮನೆಗೆ ಐದು ಮೊಟ್ಟೆ ಬೇಕು, ಮರಿ ಮಾಡಿಸುವ ತಾಪತ್ರಯ ಬೇಡ, ಫೀಡ್ ಕೊಳ್ಳಲು ಅಡ್ಡಿಯಿಲ್ಲ ಎನ್ನುವವರು ಹೈಬ್ರಿಡ್ ತನ್ನಿ, ಹಿಂದೆಮುಂದೆ ನೋಡಬೇಡಿ. ಎರಡನೇ ವರ್ಷ ಸುಮಾರು ಐದನೇ ಒಂದು ಪಾಲು ಇಳಿಯುತ್ತದೆಂದು ತಿಳಿದಿರಲಿ, ಮೂರನೆಯ ವರ್ಷಕ್ಕೆ ಹೊಸಬರಿಗೆ ಜಾಗ ಬೇಕಾಗುತ್ತದೆ. ಇಪ್ಪತ್ತೈದರ ಮೇಲೆ ಕೋಳಿ, ಮೂರು ಗುಂಪಿಗೆ ಜಾಗ, ದಿನವೂ ಬರೆದಿಡುವ ತಾಳ್ಮೆ ಇರುವವರಿಗೆ ಮೊಟ್ಟೆಯ ದಾಖಲೆಯುಳ್ಳ ಶುದ್ಧ ತಳಿ. ಬಯಲಿದೆ, ಮೇವಿಗೆ ದುಡ್ಡಿಲ್ಲ, ನರಿ ನಾಯಿಯ ಕಾಟವೂ ಇದೆ ಎಂದರೆ ನಾಟಿ. ಮಿಶ್ರತಳಿ ಬೇಕಿರುವುದು ಮರಿ ಮಾರುವವರಿಗೆ, ಯಾಕೆಂದರೆ ಹೆಣ್ಣೆಂದು ಖಾತ್ರಿಯಿರುವ ಮರಿಗೆ ಎಲ್ಲೆಡೆ ಬೇಡಿಕೆ.

ಬೆಳೆದ ಹೇಂಟೆ ಕೊಳ್ಳುವುದಾದರೆ ಯಾವ ತಳಿಯಾದರೂ ಕೈಯಲ್ಲಿ ಹಿಡಿದು ನೋಡಿ. ಮೊಟ್ಟೆ ಇಡುತ್ತಿರುವುದರ ಸೊಂಟದ ಎರಡು ಮೂಳೆತುದಿಗಳ ನಡುವೆ ಎರಡು ಮೂರು ಬೆರಳು ಹಿಡಿಸುತ್ತವೆ, ನಿಲ್ಲಿಸಿದ್ದರಲ್ಲಿ ಒಂದೇ. ಹಳದಿ ಚರ್ಮದ ತಳಿಯಾದರೆ ಬಣ್ಣವೇ ಕ್ಯಾಲೆಂಡರ್: ಮೈಯ ಹಳದಿ ಮೊಟ್ಟೆಯ ಹಳದಿಗೆ ಹೋಗುತ್ತ ಮೊದಲು ಮೊಟ್ಟೆ ಬರುವ ದ್ವಾರ ಬಿಳಿಚುತ್ತದೆ, ಆಮೇಲೆ ಕಣ್ಣಿನ ಅಂಚು, ನಂತರ ಕೊಕ್ಕು, ಕೊನೆಗೆ ಕಾಲು. ಕಾಲು ಬಿಳಿಚಲು ನಾಲ್ಕಾರು ತಿಂಗಳು ಬೇಕು. ಹೊಳೆಯುವ ಹಳದಿ ಕಾಲು ನೋಡಿ ಮಾರುಹೋಗಬೇಡಿ, ಅದು ಬಹಳ ದಿನದಿಂದ ಮೊಟ್ಟೆ ಇಡದ ಕೋಳಿಯ ಕಾಲು. ಸಸೆಕ್ಸ್‌ನಂಥ ಬಿಳಿ ಚರ್ಮದವುಗಳಿಗೆ ಈ ಪರೀಕ್ಷೆ ನಡೆಯುವುದಿಲ್ಲ.

ಒಂದನ್ನೇ ಆರಿಸಬೇಕೆಂಬ ಕಟ್ಟಳೆಯೂ ಇಲ್ಲ. ಮೊಟ್ಟೆಗೆ ಶುದ್ಧ ತಳಿ, ಕಾವಿಗೆ ಎರಡು ಮೂರು ನಾಟಿ ಎಂಬ ಜೋಡಣೆ ಇನ್‌ಕ್ಯುಬೇಟರನ್ನೂ ಮರಿಗೆ ಬೇಕಾದ ಬಲ್ಬನ್ನೂ ಉಳಿಸುತ್ತದೆ. ಸಣ್ಣ ಮೈಯ ನಾಟಿಯ ಕೆಳಗೆ ದೊಡ್ಡ ಮೊಟ್ಟೆ ಎಂಟು ಹತ್ತಕ್ಕಿಂತ ಹೆಚ್ಚು ಇಡಬೇಡಿ, ಅಂಚಿನವು ತಣ್ಣಗಾಗುತ್ತವೆ. ಎಲ್ಲ ಮೊಟ್ಟೆಯನ್ನೂ ಒಂದೇ ಸಂಜೆ ಇಟ್ಟು, ಪ್ರತಿಯೊಂದರ ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ಕಾವಿನ ಕೋಳಿ ಮೇವಿಗೆದ್ದ ಹತ್ತು ನಿಮಿಷದಲ್ಲಿ ಬೇರೆ ಹೇಂಟೆಗಳು ಬಂದು ಅದೇ ಗೂಡಿನಲ್ಲಿ ಇಟ್ಟು ಹೋಗುತ್ತವೆ. ಗೆರೆಯಿಲ್ಲದ್ದನ್ನು ದಿನವೂ ಸಂಜೆ ತೆಗೆಯಿರಿ.